ರಾಜರು ಹೋದ ಮೇಲೂ ಕ್ರಾಕೋವ್ ರಾಜನಗರಿ ಹೇಗೆ?

ಹಾಸನದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಪೋಲೆಂಡಿನ ಕ್ರಾಕೋವ್ ಊರನ್ನು ರಾಜನಗರಿ ಎಂದು ಹೊಗಳಿದ್ದೀರಿ. ರಾಜಧಾನಿ ವಾರ್ಸಾಗೆ ಹೋಗಿ ನಾನ್ನೂರು ವರ್ಷ ಆಯಿತು. ಈಗ ರಾಜರೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ವಾರ್ಸಾ ನೆಲಸಮವಾಯಿತು, ಕ್ರಾಕೋವ್ ಬಚಾವಾಯಿತು. ಅದೃಷ್ಟದಿಂದ ಉಳಿದ ಊರನ್ನು ಇಷ್ಟೊಂದು ಕೊಂಡಾಡಬೇಕೇ? ಗಂಟಲಿಗೆ ಬಾಣ ನಾಟಿದ ಆ ಕಹಳೆಯವನ ಕಥೆ ನಿಜವೇ? ಮಗ ಅಲ್ಲಿ ಕೆಲಸದಲ್ಲಿದ್ದಾನೆ, ಬರುವ ಬೇಸಿಗೆಗೆ ಹೊರಟಿದ್ದೇನೆ. ಮೊದಲು ಏನು ನೋಡಲಿ?"

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪ್ರಶ್ನೆ ನೇರವಾಗಿದೆ, ಉತ್ತರವೂ ಹಾಗೇ ಇರಲಿ. ಅದೃಷ್ಟದ ಪಾಲು ಇದೆ. 1945ರ ಜನವರಿಯಲ್ಲಿ ಸೋವಿಯತ್ ಸೇನೆ ಬಂದಾಗ ಜರ್ಮನ್ನರು ಸೇತುವೆಗಳನ್ನು ಸ್ಫೋಟಿಸಿ ಬೇಗನೆ ಜಾಗ ಖಾಲಿ ಮಾಡಿದರು. ಹಳೇ ಪೇಟೆ ಉಳಿಯಿತು. ಆದರೆ ಆ ಒಂದು ವಾರದ ಅದೃಷ್ಟಕ್ಕೆ ಮುಂಚೆ ಮುನ್ನೂರು ವರ್ಷ ಈ ಊರನ್ನು ಕಾಪಾಡಿದವರು ಯಾರು? ರಾಜರಂತೂ ಅಲ್ಲ. ಅವರು ಬಿಟ್ಟುಹೋದದ್ದನ್ನು ಊರಿನವರು ಹಟ ಹಿಡಿದು ಉಳಿಸಿಕೊಂಡರು. ನಮಗೆ ಕ್ರಾಕೋವ್ ಇಷ್ಟವಾಗಲು ಕಾರಣ ಅದು.

ರಾಜರ ಕಾಲವನ್ನು ಬೇಗ ಮುಗಿಸಿಬಿಡುತ್ತೇನೆ. 1241ರಲ್ಲಿ ತಾತಾರರ, ಅಂದರೆ ಮಂಗೋಲರ, ದಾಳಿಗೆ ಊರು ಸುಟ್ಟುಹೋಯಿತು. 1257ರಲ್ಲಿ ರಾಜಕುಮಾರ ಬೊಲೆಸ್ವಾಫ್ ಹೊಸ ಸನ್ನದು ಕೊಟ್ಟು ಊರನ್ನು ಮತ್ತೆ ಕಟ್ಟಿಸಿದ. ಇವತ್ತು ಕಾಣುವ ದೊಡ್ಡ ಚೌಕ, ಒಂದೊಂದು ಬದಿಗೆ ಸುಮಾರು 200 ಮೀಟರ್, ಆಗಲೇ ಅಳೆದು ಬಿಟ್ಟದ್ದು. 1320ರಲ್ಲಿ ವಾವೆಲ್ ಗುಡ್ಡದ ಮೇಲಿನ ಕೆಥೆಡ್ರಲ್‌ನಲ್ಲಿ ಮೊದಲ ಪಟ್ಟಾಭಿಷೇಕ ನಡೆಯಿತು. ಮರದ ಪೋಲೆಂಡನ್ನು ಇಟ್ಟಿಗೆ-ಕಲ್ಲಿನ ಪೋಲೆಂಡ್ ಮಾಡಿ ಹೋದ ಎಂದು ಅಲ್ಲಿನವರು ನೆನೆಯುವ ಮಹಾ ಕಾಜಿಮಿರ್ 1364ರಲ್ಲಿ ವಿಶ್ವವಿದ್ಯಾಲಯ ತೆರೆದ. ಮೇಷ್ಟರುಗಳ ಸಂಬಳ ಎಲ್ಲಿಂದ ಬರುತ್ತಿತ್ತು ಗೊತ್ತೇ? ಪಕ್ಕದ ವಿಯೆಲಿಚ್ಕಾ ಉಪ್ಪಿನ ಗಣಿಯ ಆದಾಯದಿಂದ. ಆ ಕಾಲದಲ್ಲಿ ಖಜಾನೆಯ ಸುಮಾರು ಮೂರನೇ ಒಂದು ಪಾಲು ಉಪ್ಪಿನಿಂದಲೇ ಬರುತ್ತಿತ್ತು.

ಕಾಜಿಮಿರ್ ತೀರಿಕೊಂಡ ಮೇಲೆ ವಿಶ್ವವಿದ್ಯಾಲಯ ಸೊರಗಿತು. ಅದನ್ನು ಎತ್ತಿ ನಿಲ್ಲಿಸಿದವಳು ರಾಣಿ ಯಾದ್ವಿಗಾ. ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಸಿಂಹಾಸನ ಏರಿದ ಹುಡುಗಿ, 1399ರಲ್ಲಿ ಇಪ್ಪತ್ತೈದರ ಸುಮಾರಿಗೆ ತೀರಿಕೊಂಡಳು. ತನ್ನ ಒಡವೆಗಳನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋಗಿದ್ದಳು. ಅವಳ ಸಮಾಧಿಯಲ್ಲಿ ಸಿಕ್ಕ ರಾಜದಂಡ ಚಿನ್ನದ್ದಲ್ಲ, ಮರದ್ದು. ಮೇಲೆ ಚಿನ್ನದ ಲೇಪ, ಅಷ್ಟೇ. 1491ರಲ್ಲಿ ಕೊಪರ್ನಿಕಸ್ ಓದಲು ಸೇರಿದ್ದು ಆ ಒಡವೆಗಳಿಂದ ಚೇತರಿಸಿಕೊಂಡ ವಿಶ್ವವಿದ್ಯಾಲಯಕ್ಕೆ. ಸಾಲು ಸಾಲು ರಾಜರಿಗಿಂತ ಈ ಒಬ್ಬ ರಾಣಿಯ ಮೇಲೆ ನನಗೆ ಗೌರವ ಜಾಸ್ತಿ.

17ನೇ ಶತಮಾನದ ಆರಂಭಕ್ಕೆ ಮೂರನೇ ಸಿಗಿಸ್ಮಂಡ್ ಆಸ್ಥಾನವನ್ನು ವಾರ್ಸಾಗೆ ಸಾಗಿಸಿದ. ಪಟ್ಟ ಕಟ್ಟಿಸಿಕೊಳ್ಳಲು, ಸತ್ತ ಮೇಲೆ ಮಣ್ಣಾಗಲು ಮಾತ್ರ ರಾಜರು ಕ್ರಾಕೋವ್‌ಗೆ ಬರುತ್ತಿದ್ದರು. ಇಲ್ಲಿ ಕೊನೆಯ ಪಟ್ಟಾಭಿಷೇಕ 1734ರಲ್ಲಿ. ಆಮೇಲೆ ದೇಶವನ್ನೇ ಮೂವರು ನೆರೆಯವರು ಹಂಚಿಕೊಂಡರು. 1795ರಲ್ಲಿ ಪ್ರಷ್ಯಾದ ಸೈನಿಕರು ವಾವೆಲ್ ಖಜಾನೆ ಒಡೆದು ಕಿರೀಟಗಳನ್ನು ಹೊತ್ತೊಯ್ದರು. ಅವನ್ನು ಕರಗಿಸಿಬಿಟ್ಟರು. ಆಸ್ಟ್ರಿಯಾದವರು ಅರಮನೆಯನ್ನು ಸೈನಿಕರ ಬ್ಯಾರಕ್ ಮಾಡಿದರು. ಅಲ್ಲಿಗೆ ರಾಜನಗರಿಯ ಕಥೆ ಮುಗಿಯಬೇಕಿತ್ತು, ಅಲ್ವಾ?

ಮುಗಿಯಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಊರಿನ ಕೋಟೆಗೋಡೆ ಕೆಡವಲು ಶುರು ಮಾಡಿದರು. ಉತ್ತರದ ಫ್ಲೋರಿಯನ್ ಹೆಬ್ಬಾಗಿಲು, ಅದರ ಮುಂದಿನ ದುಂಡನೆಯ ಬಾರ್ಬಿಕನ್ ಕೊತ್ತಲ ಎರಡೂ ಬೀಳುವುದರಲ್ಲಿದ್ದವು. ಫೆಲಿಕ್ಸ್ ರಾದ್ವಾನ್‌ಸ್ಕಿ ಎಂಬ ಪ್ರೊಫೆಸರ್ ಅಡ್ಡ ನಿಂತರು. ಇವನ್ನು ಕೆಡವಿದರೆ ಉತ್ತರದ ಗಾಳಿ ನೇರ ಊರೊಳಗೆ ನುಗ್ಗುತ್ತದೆ, ಹೆಂಗಸರು ಮಕ್ಕಳು ಕಾಯಿಲೆ ಬೀಳುತ್ತಾರೆ ಎಂದು ವಾದಿಸಿದರು ಎನ್ನುವ ಮಾತಿದೆ. ವಾದ ಹೇಗೇ ಇರಲಿ, ಹೆಬ್ಬಾಗಿಲು ಉಳಿಯಿತು. ಮೂರು ಮೀಟರ್ ದಪ್ಪ ಗೋಡೆಯ ಬಾರ್ಬಿಕನ್ ಇವತ್ತೂ ಅಲ್ಲೇ ಇದೆ. ಗೋಡೆ ಬಿದ್ದ ಜಾಗದಲ್ಲಿ ಹಳೇ ಪೇಟೆಯ ಸುತ್ತ ಪ್ಲಾಂಟಿ ಎಂಬ ಉದ್ಯಾನ ಬಂತು.

ಅರಮನೆಯ ಕಥೆ ಇನ್ನೂ ಚೆನ್ನಾಗಿದೆ. 20ನೇ ಶತಮಾನದ ಆರಂಭದಲ್ಲಿ ಆಸ್ಟ್ರಿಯಾ ಸೇನೆ ಜಾಗ ಬಿಟ್ಟುಕೊಟ್ಟಿತು. ದುರಸ್ತಿಗೆ ಬೇಕಾದಷ್ಟು ದುಡ್ಡಿರಲಿಲ್ಲ. 1921ರಿಂದ ಜನರೇ ಚಂದಾ ಕೊಟ್ಟರು. ಕೊಟ್ಟವರ ಹೆಸರನ್ನು ಕೆತ್ತಿದ ಇಟ್ಟಿಗೆಗಳನ್ನು ಗುಡ್ಡ ಹತ್ತುವ ದಾರಿಯ ಗೋಡೆಯಲ್ಲಿ ಸಾಲಾಗಿ ಕೂರಿಸಿದ್ದಾರೆ. ಪ್ರವಾಸಿಗಳು ಆ ಗೋಡೆ ಪಕ್ಕದಲ್ಲೇ ಏದುಸಿರು ಬಿಡುತ್ತಾ ಹತ್ತಿ ಹೋಗುತ್ತಾರೆ, ಓದುವುದಿಲ್ಲ. ನೀವು ಸುಮ್ನೆ ಎರಡು ನಿಮಿಷ ನಿಂತು ಓದಿ. ಮೇಲೆ ಕೆಥೆಡ್ರಲ್‌ನಲ್ಲಿ ರಾಜರ ಸಮಾಧಿಗಳಿವೆ. ಅವರ ಜೊತೆಗೇ ಸ್ವಾತಂತ್ರ್ಯಕ್ಕೆ ಹೋರಾಡಿದ ಕೊಸ್ಚ್ಯುಷ್ಕೊ ಇದ್ದಾನೆ. ಮಿಟ್ಸ್ಕೇವಿಚ್, ಸ್ವೊವಾಟ್ಸ್ಕಿ ಎಂಬ ಇಬ್ಬರು ಕವಿಗಳೂ ಇದ್ದಾರೆ. ರಾಜರಿಲ್ಲದ ದೇಶ ಯಾರನ್ನು ರಾಜರ ಪಕ್ಕ ಮಲಗಿಸಿತು ನೋಡಿ.

ಅದೇ ಕೆಥೆಡ್ರಲ್‌ನಲ್ಲಿ 1520ರಲ್ಲಿ ಎರಕ ಹೊಯ್ದ ಸಿಗಿಸ್ಮಂಡ್ ಗಂಟೆ ಇದೆ. ತೂಕ ಹತ್ತಿರ ಹತ್ತಿರ 13 ಟನ್. ತೂಗಲು ಹನ್ನೆರಡು ಜನ ಹಗ್ಗ ಎಳೆಯಬೇಕು. ಈಗಲೂ ಕೈಯಲ್ಲೇ ಬಾರಿಸುತ್ತಾರೆ, ದೊಡ್ಡ ಹಬ್ಬಗಳಿಗೆ, ದೇಶದ ದೊಡ್ಡ ಘಟನೆಗಳಿಗೆ ಮಾತ್ರ. ಒಂದು ಕಾಲದಲ್ಲಿ ಈ ಊರಿನ ಆರ್ಚ್‌ಬಿಷಪ್ ಆಗಿದ್ದ ಪೋಪ್ ಎರಡನೇ ಜಾನ್ ಪಾಲ್ 2005ರಲ್ಲಿ ತೀರಿಕೊಂಡಾಗ ಇದು ಮೊಳಗಿತ್ತು.

ಈಗ ಚೌಕದ ಸೇಂಟ್ ಮೇರಿ ಚರ್ಚಿಗೆ ಬನ್ನಿ. ವಾವೆಲ್ ರಾಜರದ್ದು, ಇದು ಪೇಟೆಯ ವ್ಯಾಪಾರಿಗಳದ್ದು. ಅವರೇ ದುಡ್ಡು ಹಾಕಿ ನ್ಯೂರೆಂಬರ್ಗ್‌ನಿಂದ ಫೈಟ್ ಷ್ಟೋಸ್ ಎಂಬ ಶಿಲ್ಪಿಯನ್ನು ಕರೆಸಿದರು. 1477ರಿಂದ 1489ರವರೆಗೆ ಅವನು ಮರದ ಬಲಿಪೀಠ, ಅಂದರೆ ಪೂಜೆಯ ಜಾಗದ ಹಿಂದೆ ನಿಲ್ಲುವ ಬಾಗಿಲುಳ್ಳ ಶಿಲ್ಪ, ಕೆತ್ತಿದ. ಎತ್ತರ ಸುಮಾರು 13 ಮೀಟರ್. ದೊಡ್ಡ ವಿಗ್ರಹಗಳು ಆಳಿಗಿಂತ ಎತ್ತರ. ನಡುವೆ ಸಾಯುತ್ತಿರುವ ಮೇರಿ, ಸುತ್ತ ಶಿಷ್ಯರು. ಹತ್ತಿರ ಹೋಗಿ ಕೈಗಳನ್ನು ನೋಡಬೇಕು. ಮುದುಕರ ಕೈ ಮೇಲೆ ಎದ್ದ ನರ, ಊದಿದ ಗಂಟು, ಸುಕ್ಕು, ಎಲ್ಲ ಇದೆ. ಎಷ್ಟು ನಿಖರ ಎಂದರೆ, ಈ ಮೂರ್ತಿಗಳ ಮೈಮೇಲಿನ ಚರ್ಮರೋಗಗಳನ್ನು ಗುರುತಿಸಿ ವೈದ್ಯರೊಬ್ಬರು ಬರೆದಿದ್ದಾರೆ. ಬೀದಿಯಲ್ಲಿ ಕಂಡ ಮುಖಗಳನ್ನೇ ಷ್ಟೋಸ್ ಸಂತರಿಗೆ ಕೊಟ್ಟಿರಬೇಕು ಎಂದು ನನಗೆ ಅನ್ನಿಸುತ್ತದೆ.

ನಿಮ್ಮ 'ಅದೃಷ್ಟ'ಕ್ಕೆ ಉತ್ತರ ಈ ಬಲಿಪೀಠದಲ್ಲೇ ಇದೆ. 1939ರಲ್ಲಿ ಯುದ್ಧದ ವಾಸನೆ ಬಡಿದ ಕೂಡಲೇ ಅದನ್ನು ಬಿಚ್ಚಿದರು. ದೊಡ್ಡ ವಿಗ್ರಹಗಳನ್ನು ಪೆಟ್ಟಿಗೆಗೆ ತುಂಬಿ, ವಿಸ್ಟುಲಾ ನದಿಯಲ್ಲಿ ದೋಣಿ ಮೇಲೆ ಸಾಂದೊಮಿಯೆಜ್ ಊರಿಗೆ ಸಾಗಿಸಿ ಬಚ್ಚಿಟ್ಟರು. ನಾಜಿಗಳು ಹುಡುಕಿ ತೆಗೆದು ಜರ್ಮನಿಗೆ ಒಯ್ದರು. ಯುದ್ಧ ಮುಗಿದ ಮೇಲೆ ಕಲಾ ಇತಿಹಾಸಕಾರ ಕಾರೊಲ್ ಎಸ್ಟ್ರೈಖರ್ ಬೆನ್ನು ಹತ್ತಿ ಹೋದರು. ನ್ಯೂರೆಂಬರ್ಗ್ ಕೋಟೆಯ ನೆಲಮಾಳಿಗೆಯಲ್ಲಿದ್ದ ಬಲಿಪೀಠ 1946ರಲ್ಲಿ ರೈಲಿನಲ್ಲಿ ವಾಪಸ್ ಬಂತು. ಅರಮನೆಯ ಬ್ರಸೆಲ್ಸ್ ಚಿತ್ರಪರದೆಗಳು ರುಮೇನಿಯಾ, ಫ್ರಾನ್ಸ್, ಇಂಗ್ಲೆಂಡ್ ದಾಟಿ ಕೆನಡಾ ಸೇರಿದ್ದವು. ಅವು ಪೂರ್ತಿ ಮರಳಲು 1961 ಆಗಬೇಕಾಯಿತು.

ಆದರೆ ಎಲ್ಲವೂ ಉಳಿಯಿತು ಅನ್ನಲಾರೆ. 1939ರ ನವೆಂಬರ್ 6ರಂದು ನಾಜಿಗಳು ಉಪನ್ಯಾಸವಿದೆ ಎಂದು ಕರೆಸಿ, ಬಂದ ಪ್ರೊಫೆಸರುಗಳನ್ನು ಬಂಧಿಸಿ ಯಾತನಾ ಶಿಬಿರಕ್ಕೆ ಕಳಿಸಿದರು. ಕೆಲವರು ಹಿಂದಿರುಗಲಿಲ್ಲ. ಮಹಾ ಕಾಜಿಮಿರ್ 1335ರಲ್ಲಿ ಕಟ್ಟಿಸಿದ, ಈಗ ಊರಿನ ಭಾಗವೇ ಆಗಿರುವ ಕಾಜಿಮಿಯೆಜ್ ಪೇಟೆ ಶತಮಾನಗಳ ಕಾಲ ಯಹೂದಿಗಳ ಮನೆಯಾಗಿತ್ತು. ಯುದ್ಧಕ್ಕೆ ಮುಂಚೆ ಊರಿನಲ್ಲಿ 60,000ಕ್ಕೂ ಹೆಚ್ಚು ಯಹೂದಿಗಳಿದ್ದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು. ಅವರನ್ನು ಮೊದಲು ನದಿಯಾಚೆಯ ಘೆಟ್ಟೋಗೆ, ಅಂದರೆ ಯಹೂದಿಗಳನ್ನು ಕೂಡಿಹಾಕುವ ಕೇರಿಗೆ, ತಳ್ಳಿದರು. 1943ರ ಮಾರ್ಚ್‌ನಲ್ಲಿ ಅದನ್ನೂ ಖಾಲಿ ಮಾಡಿಸಿದರು. ಬಹುಪಾಲು ಜನರನ್ನು ಕೊಂದರು. ಕಟ್ಟಡಗಳು ನಿಂತಿವೆ, ಆ ಜನ ಇಲ್ಲ. ಕ್ರಾಕೋವ್ ಬಚಾವಾಯಿತು ಎನ್ನುವಾಗ ಇದನ್ನು ಸೇರಿಸದೆ ಹೇಳಬಾರದು. ನಮ್ಮ ಲೇಖನದಲ್ಲಿ ಇದಕ್ಕೆ ಇನ್ನಷ್ಟು ಜಾಗ ಸಿಗಬೇಕಿತ್ತು.

ಇನ್ನು ಕಹಳೆ. ಸೇಂಟ್ ಮೇರಿ ಚರ್ಚಿನ ಎತ್ತರದ ಗೋಪುರದಿಂದ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ಊದುತ್ತಾರೆ. ರಾಗ ನಡುವೆಯೇ ನಿಂತುಬಿಡುತ್ತದೆ. ತಾತಾರರ ಬಾಣ ಕಹಳೆಯವನ ಗಂಟಲಿಗೆ ನಾಟಿತು, ಅದಕ್ಕೇ ಹೀಗೆ ಎಂಬುದು ಕಥೆ. 1241ರಲ್ಲಿ ಈಗಿನ ಚರ್ಚ್ ಕಟ್ಟಡ ಇರಲೇ ಇಲ್ಲ, ಇದು ಆಮೇಲೆ ಎದ್ದದ್ದು. ಬಾಣದ ಕಥೆ ಅಚ್ಚಿನಲ್ಲಿ ಕಾಣಿಸಿಕೊಂಡು ಹರಡಿದ್ದು 20ನೇ ಶತಮಾನದಲ್ಲಿ. ಕಹಳೆ ಮಾತ್ರ ನಿಜ. ಊರಬಾಗಿಲು ತೆರೆಯಲು, ಮುಚ್ಚಲು, ಬೆಂಕಿ ಬಿದ್ದರೆ ಎಚ್ಚರಿಸಲು ಕಾವಲುಗಾರ ಊದುತ್ತಿದ್ದ. ಇವತ್ತು ಊದುವವರು ಅಗ್ನಿಶಾಮಕ ದಳದವರು, ಹಗಲು-ರಾತ್ರಿ ಪಾಳಿಯಲ್ಲಿ. 1927ರಿಂದ ಮಧ್ಯಾಹ್ನ ಹನ್ನೆರಡರ ಕಹಳೆಯನ್ನು ಪೋಲಿಷ್ ರೇಡಿಯೊ ಇಡೀ ದೇಶಕ್ಕೆ ಕೇಳಿಸುತ್ತಿದೆ.

ಮೊದಲು ಏನು ನೋಡಲಿ ಎಂದಿರಿ. ಬೆಳಿಗ್ಗೆ ಚೌಕಕ್ಕೆ ಹೋಗಿ. ಗಾಡಿಯಲ್ಲಿ ಮಾರುವ ಒಬ್ವಾಜಾನೆಕ್ ಕೊಳ್ಳಿ. ದೊಡ್ಡ ಕೋಡುಬಳೆಯಂತೆ ಹೆಣೆದ ಬ್ರೆಡ್ಡಿನ ಬಳೆ ಅದು. 1394ರ ರಾಣಿ ಯಾದ್ವಿಗಾಳ ಆಸ್ಥಾನದ ಲೆಕ್ಕಪತ್ರದಲ್ಲೇ ಅದರ ಹೆಸರಿದೆ. ತಿನ್ನುತ್ತಾ ಮೂಲೆಯ ಪುಟ್ಟ ಸೇಂಟ್ ಅಡಾಲ್ಬರ್ಟ್ ಚರ್ಚ್ ನೋಡಿ. ಶತಮಾನಗಳಲ್ಲಿ ಚೌಕದ ನೆಲ ಏರುತ್ತಾ ಹೋಗಿ, ಚರ್ಚಿನ ಹಳೆಯ ಗೋಡೆ ಕೆಳಗೇ ಉಳಿದಿದೆ. ಬಲಿಪೀಠದ ಬಾಗಿಲು ತೆರೆಯುವುದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಆ ಹೊತ್ತಿಗೆ ಒಳಗಿರಿ. ವಾವೆಲ್ ಮಾರನೇ ದಿನಕ್ಕೆ ಇರಲಿ. ವಿಯೆಲಿಚ್ಕಾ ಗಣಿಗೆ ಹೋಗುವುದಾದರೆ ಒಂದು ಮಾತು: ಪ್ರವಾಸಿ ದಾರಿಯಲ್ಲಿ ಸುಮಾರು 800 ಮೆಟ್ಟಿಲಿವೆ. ಮೇಲೆ ಬರಲು ಲಿಫ್ಟ್ ಇದೆ, ಇಳಿಯುವುದು ಕಾಲಲ್ಲೇ. ಮಂಡಿನೋವಿದ್ದರೆ ಮಗನಿಗೆ ಮುಂಚೆಯೇ ಹೇಳಿ ವಿಚಾರಿಸಿಕೊಳ್ಳಿ. ಹೋಗಿ ಬಂದು ಬರೆಯಿರಿ, ಪ್ರಕಟಿಸುತ್ತೇವೆ.