ಒಂದೇ ಕಡ್ಡಿ ಸಿಗ್ನಲ್: ಫೋನ್ ಕಿವಿಗಿಟ್ಟು ಮಾತಾಡಬಹುದೇ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಕಡೆಯ ಗುಡ್ಡದ ಮರೆಯಲ್ಲಿದೆ. ಒಳಗೆ ಒಂದೇ ಕಡ್ಡಿ ಸಿಗ್ನಲ್. ಸ್ವಲ್ಪ ಹೊತ್ತು ಮಾತಾಡಿದರೆ ಫೋನ್ ಬಿಸಿಯಾಗುತ್ತದೆ. ಅಮ್ಮನಿಗೆ ಪೇಸ್‌ಮೇಕರ್ ಇದೆ. ವಿಕಿರಣ ತಡೆಯುವ ಸ್ಟಿಕರ್ ಅಂಟಿಸಲೇ? ಹತ್ತಿರ ಟವರ್ ಬಂದರೆ ಅಪಾಯವೇ?

ಉತ್ತರ: ಸ್ಟಿಕರ್ ಬೇಡ. ಅದು ಏನನ್ನೂ ತಡೆಯದಿದ್ದರೆ ದುಡ್ಡು ದಂಡ. ಆಂಟೆನಾಕ್ಕೆ ನಿಜಕ್ಕೂ ಅಡ್ಡ ಬಂದರೆ, ಟವರ್ ಮುಟ್ಟಲು ಫೋನ್ ಇನ್ನೂ ಹೆಚ್ಚು ಶಕ್ತಿ ಹಾಕುತ್ತದೆ.

ನಿಮ್ಮ ಮನೆಯಲ್ಲಿ ಈಗ ಆಗುತ್ತಿರುವುದೂ ಅದೇ. ಸಂಪರ್ಕಕ್ಕೆ ಬೇಕಾದಷ್ಟೇ ಶಕ್ತಿ ಬಳಸುವಂತೆ ಟವರ್ ಫೋನಿಗೆ ಕ್ಷಣಕ್ಷಣವೂ ಸೂಚಿಸುತ್ತಿರುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಬಹಳ ಕಡಿಮೆ ಸಾಕು. ಕ್ಷೀಣವಾದಾಗ 4ಜಿ ಫೋನ್ ಸುಮಾರು 200 ಮಿಲಿವ್ಯಾಟ್ ಗರಿಷ್ಠಕ್ಕೆ ಏರುತ್ತದೆ. ಆದರೆ ಕೈಗೆ ತಾಗುವ ಬಿಸಿ ಬಹುಪಾಲು ಬ್ಯಾಟರಿ, ಸರ್ಕ್ಯೂಟುಗಳದ್ದು, ವಿಕಿರಣದ್ದಲ್ಲ.

*#07# ಒತ್ತಿದರೆ ಫೋನಿನ ಎಸ್‌ಎಆರ್, ಅಂದರೆ ಮೈ ಹೀರಿಕೊಳ್ಳುವ ವಿಕಿರಣ ಶಕ್ತಿಯ ಅಳತೆ, ಕಾಣುತ್ತದೆ. ಭಾರತದ ಮಿತಿ 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್. ಫೋನ್ ತೋರಿಸುವುದು ಗರಿಷ್ಠ ಶಕ್ತಿಯಲ್ಲಿ ಅಳೆದ ಅಂಕಿ. ಹಾಗಾಗಿ 0.8ರ ಫೋನೋ 1.1ರದ್ದೋ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಎಲ್ಲಿ ನಿಂತು ಮಾತಾಡುತ್ತೀರಿ ಎಂದು ನೋಡುವುದು ಮೇಲು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಫೋನ್ ಬಗ್ಗೆ, ಸಿಮ್ ಸ್ಥಿತಿ ತೆರೆಯಿರಿ. ಅಲ್ಲಿ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿರುತ್ತದೆ: 4ಜಿಯಲ್ಲಿ ಮೈನಸ್ 90 ಚೆನ್ನಾಗಿದೆ, ಮೈನಸ್ 115 ತೀರಾ ಕ್ಷೀಣ. ಅಡುಗೆಮನೆ, ಜಗಲಿ, ಅಂಗಳದಲ್ಲಿ ಅಳೆದು ನೋಡಿ, ಉತ್ತಮವಾದ ಕಡೆ ಮಾತಾಡಿ. ಮನೆಗೆ ಫೈಬರ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ದೂರದ ಟವರಿನ ಗೊಡವೆಯೇ ಇರುವುದಿಲ್ಲ. ಉದ್ದನೆಯ ಮಾತಿಗೆ ಸ್ಪೀಕರ್ ಅಥವಾ ವೈರಿನ ಇಯರ್‌ಫೋನ್. ಒಂದು ಗೇಣು ದೂರವಿಟ್ಟರೂ ತಲೆಗೆ ತಾಗುವುದು ಬಹಳ ಕಡಿಮೆಯಾಗುತ್ತದೆ.

ಅಮ್ಮ ಫೋನನ್ನು ಪೇಸ್‌ಮೇಕರಿನಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಲಿ: ಪೇಸ್‌ಮೇಕರ್ ಇಲ್ಲದ ಬದಿಯ ಕಿವಿಗೆ ಹಿಡಿಯಬೇಕು, ರವಿಕೆಯೊಳಗೆ ಸಿಕ್ಕಿಸಬಾರದು. ಹಿಂಬದಿಯಲ್ಲಿ ಆಯಸ್ಕಾಂತವಿರುವ ಫೋನ್, ಕವರ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ಕ್ಯಾನ್ಸರ್ ಭಯಕ್ಕೆ: 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫೋನ್, ಟವರುಗಳ ರೇಡಿಯೋ ತರಂಗಗಳನ್ನು '2ಬಿ', ಅಂದರೆ 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಗುಂಪಿಗೆ ಸೇರಿಸಿತು. ಅದೇ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ಪರಾಮರ್ಶೆಗೆ ಫೋನ್ ಬಳಕೆಗೂ ಮಿದುಳಿನ ಗಡ್ಡೆಗೂ ನಂಟು ಕಾಣಲಿಲ್ಲ.

ಟವರನ್ನು ವಿರೋಧಿಸಿದರೆ ನಷ್ಟ ನಿಮಗೇ: ಫೋನ್ ಕಿವಿಗೆ ಅಂಟಿಕೊಂಡಿರುತ್ತದೆ, ಟವರ್ ದೂರದಲ್ಲಿರುತ್ತದೆ. ಟವರ್ ಹತ್ತಿರ ಬಂದು ಸಿಗ್ನಲ್ ಚೆನ್ನಾದರೆ ಕಿವಿಯ ಫೋನ್ ಹಾಕುವ ಶಕ್ತಿ ಇಳಿಯುತ್ತದೆ. 2012ರಲ್ಲಿ ಭಾರತ ಟವರ್ ಹೊರಸೂಸುವಿಕೆಯ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತ್ತು. ಅನುಮಾನವಿದ್ದರೆ ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ತಾಣದಲ್ಲಿ ಅಳತೆಗೆ ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ಮಾರುವ ಸಿಗ್ನಲ್ ಬೂಸ್ಟರ್ ಮಾತ್ರ ತರಬೇಡಿ. ಪರವಾನಗಿಯಿಲ್ಲದೆ ಹಾಕುವುದು ಅಪರಾಧ, ಅಕ್ಕಪಕ್ಕದವರ ಕರೆಗಳೂ ಕಡಿಯುತ್ತವೆ.