ಎಜಿಪಿಎಲ್ ಪ್ರಾಜೆಕ್ಟ್‌ನವರು ಸಿಎಲ್‌ಎಗೆ ಸಹಿ ಕೇಳುತ್ತಿದ್ದಾರೆ. ಕಾಪಿಲೆಫ್ಟ್ ಇದ್ದ ಮೇಲೆ ಸಹಿ ಹಾಕಿದರೆ ನಷ್ಟವೇನು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕೆಲಸ ಮಂಗಳೂರಿನ ಐಟಿ ಕಂಪೆನಿಯಲ್ಲಿ, ಮನೆ ಉಡುಪಿಯಲ್ಲಿ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿದ ಮೇಲೆ ಬಿಡುವಿನಲ್ಲಿ ಅದಕ್ಕೊಂದು ಕೀಬೋರ್ಡ್ ಬರೆದಿದ್ದೀರಿ. ಅದನ್ನು ಬೇರೊಂದು ಕಂಪೆನಿ ನಡೆಸುವ ಎಜಿಪಿಎಲ್ 3 ಪ್ರಾಜೆಕ್ಟ್‌ಗೆ ಕಳುಹಿಸಿದಾಗ ಬಾಟ್ ಸಿಎಲ್‌ಎ, ಅಂದರೆ ಕೊಡುಗೆದಾರರ ಒಪ್ಪಂದ, ಕೇಳಿದೆ. ಎಜಿಪಿಎಲ್ ಒಂದು ಕಾಪಿಲೆಫ್ಟ್ ಲೈಸೆನ್ಸ್, ಅಂದರೆ ಕೋಡ್ ಮಾರ್ಪಡಿಸಿ ಹಂಚುವವರು ಅದನ್ನೂ ಅದೇ ಮುಕ್ತ ಷರತ್ತಿನಲ್ಲೇ ಕೊಡಬೇಕು; ಹಾಗಾಗಿ ಕೋಡ್ ಹೇಗೂ ಮುಕ್ತವಾಗಿಯೇ ಇರುತ್ತದಲ್ಲ ಎಂಬುದು ನಿಮ್ಮ ಲೆಕ್ಕ.

ಆ ಲೆಕ್ಕದಲ್ಲಿ ಒಂದು ತಪ್ಪಿದೆ. ಎಜಿಪಿಎಲ್‌ನ ಷರತ್ತುಗಳು ಕೋಡ್ ಪಡೆದವರಿಗೆ ಅನ್ವಯಿಸುತ್ತವೆ, ಅದರ ಹಕ್ಕುದಾರರಿಗೆ ಅಲ್ಲ. ಸಿಎಲ್‌ಎ ಇಲ್ಲದಿದ್ದರೆ ನಿಮ್ಮ ಭಾಗದ ಮಟ್ಟಿಗೆ ಆ ಕಂಪೆನಿಯೂ ಎಲ್ಲರಂತೆ ಕೋಡ್ ಪಡೆದವರೇ. ಮಾರ್ಪಾಡು ಮಾಡಿ ಸರ್ವರ್‌ನಲ್ಲಿ ಓಡಿಸಿದರೆ 13ನೇ ಕಲಮಿನ ಪ್ರಕಾರ ಬಳಕೆದಾರರಿಗೆ ಸೋರ್ಸ್ ಕೊಡಲೇಬೇಕು. ಲೈಸೆನ್ಸ್ ಬದಲಿಸಬೇಕಾದರೆ ನಿಮ್ಮನ್ನೂ ಉಳಿದ ಎಲ್ಲ ಕೊಡುಗೆದಾರರನ್ನೂ ಕೇಳಬೇಕು. ಲಿನಕ್ಸ್ ಕರ್ನಲ್‌ನಲ್ಲಿ ಸಾವಿರಾರು ಹಕ್ಕುದಾರರಿದ್ದಾರೆ, ಹಾಗಾಗಿ ಅದನ್ನು ಎಜಿಪಿಎಲ್‌ನ ಸೋದರ ಲೈಸೆನ್ಸ್ ಜಿಪಿಎಲ್ 2ರಿಂದ ಬೇರೆಡೆಗೆ ಒಯ್ಯುವುದು ಹೆಚ್ಚುಕಡಿಮೆ ಅಸಾಧ್ಯ. ಸಿಎಲ್‌ಎ ಹೆಚ್ಚಾಗಿ ತೆಗೆದುಹಾಕುವುದು ಈ ತಡೆಯನ್ನೇ.

2018ರ ಅಕ್ಟೋಬರಿನಲ್ಲಿ ಮೊಂಗೋಡಿಬಿ ಎಂಬ ಡೇಟಾಬೇಸ್ ಎಜಿಪಿಎಲ್ ಬಿಟ್ಟು ಎಸ್‌ಎಸ್‌ಪಿಎಲ್ ಎಂಬ ತನ್ನದೇ ಹೊಸ ಲೈಸೆನ್ಸ್‌ಗೆ ಹೋಯಿತು. ಹೊರಗಿನವರ ಹಕ್ಕೂ ಒಪ್ಪಂದದ ಮೂಲಕ ಕೈಯಲ್ಲಿದ್ದುದರಿಂದ ಯಾರನ್ನೂ ಮತ್ತೆ ಕೇಳಬೇಕಾಗಲಿಲ್ಲ. ಅದಕ್ಕೆ ಮೊದಲು ಎಜಿಪಿಎಲ್ ಅಡಿ ಹೊರಬಂದ ಆವೃತ್ತಿಗಳು ಮಾತ್ರ ಎಜಿಪಿಎಲ್ ಆಗಿಯೇ ಉಳಿದವು. 2023ರಲ್ಲಿ ಸರ್ವರ್ ವ್ಯವಸ್ಥೆಯನ್ನು ಕೋಡ್ ಮೂಲಕ ನಿರ್ವಹಿಸುವ ಸಾಧನ ಟೆರ‍್ರಾಫಾರ್ಮ್‌ನ ಲೈಸೆನ್ಸ್ ಬದಲಾದಾಗಲೂ ಹಳೆಯ ಎಂಪಿಎಲ್ (ಇನ್ನೊಂದು ಮುಕ್ತ ಲೈಸೆನ್ಸ್) ಕೋಡಿನಿಂದಲೇ ಅದರ ಮುಕ್ತ ಕವಲು ಓಪನ್‌ಟೋಫು ಹುಟ್ಟಿತು. ಹಾಗಾಗಿ ಈಗಾಗಲೇ ಪ್ರಕಟವಾದ ಪ್ರತಿ ನಿಮ್ಮ ಕೈತಪ್ಪುವುದಿಲ್ಲ. ಮುಂದಿನ ಆವೃತ್ತಿಗಳಲ್ಲಿ ನಿಮ್ಮ ಕೆಲಸ ಯಾವ ಷರತ್ತಿನಡಿ ಹೋಗುತ್ತದೆ ಎಂಬ ಮಾತಿನಲ್ಲಿ ನಿಮಗೆ ಪಾಲು ಇರುವುದಿಲ್ಲ.

ಒಪ್ಪಂದ ಓದುವಾಗ ಮೊದಲು "ವರ್ಗಾವಣೆ" ಎಂದಿದೆಯೋ "ಪರವಾನಗಿ" ಎಂದಿದೆಯೋ ನೋಡಿ. ವರ್ಗಾವಣೆಯಾದರೆ ಒಡೆತನವೇ ಹೋಗುತ್ತದೆ. ಪರವಾನಗಿಯಾದರೆ ಒಡೆತನ ನಿಮ್ಮದೇ, ನಿಮ್ಮ ಕೀಬೋರ್ಡನ್ನು ಬೇರೆ ಕಡೆಗೂ ಕೊಡಬಹುದು. ಅಷ್ಟಕ್ಕೇ ಸಮಾಧಾನಪಡಬೇಡಿ ಮಾರಾಯ್ರೆ, ನಿಜವಾದ ವಿಷಯ ಇರುವುದು ಸಬ್‌ಲೈಸೆನ್ಸ್ ಎಂಬ ಪದದಲ್ಲಿ, ಅಂದರೆ ನಿಮ್ಮ ಕೋಡನ್ನು ಬೇರೆಯವರಿಗೆ ತಮ್ಮದೇ ಷರತ್ತಿನಲ್ಲಿ ಕೊಡುವ ಹಕ್ಕಿನಲ್ಲಿ. ಅಪಾಚೆ ಫೌಂಡೇಶನ್ನಿನ ಒಪ್ಪಂದದಲ್ಲೂ ಅದಿದೆ, ಅಲ್ಲಿ ಅದರಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ, ಯಾಕೆಂದರೆ ಅಪಾಚೆ ಲೈಸೆನ್ಸ್ ಮುಚ್ಚಿದ ಉತ್ಪನ್ನಕ್ಕೆ ಎಲ್ಲರಿಗೂ ಅವಕಾಶ ಕೊಟ್ಟೇ ಬಿಟ್ಟಿದೆ. ಅದೇ ಪಠ್ಯವನ್ನು ನಕಲು ಮಾಡಿ ಎಜಿಪಿಎಲ್ ಪ್ರಾಜೆಕ್ಟ್‌ಗೆ ಹಚ್ಚಿದರೆ ಆ ಅವಕಾಶ ಒಬ್ಬರಿಗೆ, ಅಂದರೆ ಒಪ್ಪಂದ ಬರೆಸಿಕೊಂಡ ಕಂಪೆನಿಗೆ, ಮಾತ್ರ ಸಿಗುತ್ತದೆ. ಇದು ನನಗೆ ನ್ಯಾಯ ಅನಿಸುವುದಿಲ್ಲ.

ಎಲ್ಲ ಸಿಎಲ್‌ಎಗಳೂ ಹೀಗೆಯೇ ಎನ್ನಲಾರೆ. ಜಿಪಿಎಲ್ ಬರೆದ ಎಫ್‌ಎಸ್‌ಎಫ್ (ಫ್ರೀ ಸಾಫ್ಟ್‌ವೇರ್ ಫೌಂಡೇಶನ್) ಹಕ್ಕನ್ನೇ ಬರೆಸಿಕೊಳ್ಳುತ್ತದೆ, ಆದರೆ ಮುಕ್ತ ಷರತ್ತಿನಲ್ಲೇ ಹಂಚುತ್ತೇವೆಂದು ಅದೇ ಪತ್ರದಲ್ಲಿ ಮಾತು ಕೊಡುತ್ತದೆ. ಹಕ್ಕು ಒಂದೆಡೆ ಇದ್ದರೆ ಉಲ್ಲಂಘನೆಯಾದಾಗ ದಾವೆ ಹೂಡುವುದು ಸುಲಭ ಎಂಬ ವಾದದಲ್ಲಿ ತಿರುಳಿದೆ: ವಿಎಂವೇರ್ ವಿರುದ್ಧ ಕರ್ನಲ್ ಡೆವಲಪರ್ ಒಬ್ಬರು ಹೂಡಿದ ದಾವೆಯನ್ನು 2016ರಲ್ಲಿ ಹ್ಯಾಂಬರ್ಗ್ ಕೋರ್ಟ್ ವಜಾ ಮಾಡಿದ್ದು, ಯಾವ ಕೋಡ್ ತನ್ನದೆಂದು ಅವರು ಸಾಕಷ್ಟು ತೋರಿಸಿಲ್ಲ ಎಂದು. ಹಾಗಿದ್ದೂ ಎಫ್‌ಎಸ್‌ಎಫ್‌ಗೆ ಹಕ್ಕು ಬರೆಸುತ್ತಿದ್ದ ಕಂಪೈಲರ್ ಪ್ರಾಜೆಕ್ಟ್ ಜಿಸಿಸಿ 2021ರಲ್ಲಿ ವರ್ಗಾವಣೆಯ ಕಡ್ಡಾಯವನ್ನು ಕೈಬಿಟ್ಟಿತು. ನಿಮ್ಮ ಒಪ್ಪಂದದಲ್ಲಿ "ಈ ಕೊಡುಗೆ ಎಜಿಪಿಎಲ್ ಅಡಿಯಲ್ಲೂ ಸದಾ ಲಭ್ಯ" ಎಂಬಂಥ ವಾಕ್ಯ ಇದೆಯೇ ನೋಡಿ. ಇಲ್ಲವಾದರೆ ಸೇರಿಸಲು ಕೇಳಿ, ಅಥವಾ ಸಿಎಲ್‌ಎ ಬದಲು ಡಿಸಿಒ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್) ಸಾಕೇ ಎಂದು ವಿಚಾರಿಸಿ. ಡಿಸಿಒ ಹಕ್ಕು ಕೊಡುವುದಿಲ್ಲ, ಈ ಕೋಡ್ ಕೊಡುವ ಅಧಿಕಾರ ನನಗಿದೆ ಎಂಬ ದೃಢೀಕರಣ ಅಷ್ಟೆ. ಕಮಿಟ್ ಮಾಡುವಾಗ ಸೈನ್‌ಆಫ್ ಸಾಲು ಸೇರಿಸಿದರೆ ಮುಗಿಯಿತು. ಗಿಟ್‌ಲ್ಯಾಬ್ 2017ರಲ್ಲಿ ಸಿಎಲ್‌ಎ ಬಿಟ್ಟು ಇದಕ್ಕೇ ಬಂತು. ಎರಡಕ್ಕೂ ಒಪ್ಪದಿದ್ದರೆ ಕೀಬೋರ್ಡನ್ನು ನಿಮ್ಮದೇ ರೆಪೊದಲ್ಲಿ ಎಜಿಪಿಎಲ್ ಅಡಿ ಇಡಿ, ಬೇಕಾದವರು ಆ ಷರತ್ತಿಗೆ ಒಪ್ಪಿ ತೆಗೆದುಕೊಳ್ಳಲಿ. ಅಕ್ಷರದೋಷದ ತಿದ್ದುಪಡಿಯಂಥ ಸಣ್ಣ ಕೊಡುಗೆಗೆ ಇಷ್ಟೆಲ್ಲ ತಲೆಬಿಸಿ ಬೇಡ.

ನೀವು ಕೇಳದೆ ಬಿಟ್ಟ ಇನ್ನೊಂದು ವಿಷಯ ಇದಕ್ಕಿಂತ ತುರ್ತಿನದು. ಆ ಕೋಡ್ ನಿಮ್ಮದೇ ಹೌದೇ? ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17(ಸಿ) ಪ್ರಕಾರ, ಬೇರೆ ಕರಾರಿಲ್ಲದಿದ್ದರೆ ಉದ್ಯೋಗದ ಭಾಗವಾಗಿ ಮಾಡಿದ ಕೃತಿಗೆ ಮೊದಲ ಒಡೆಯ ಮಾಲೀಕ. ಸ್ವಂತ ಲ್ಯಾಪ್‌ಟಾಪ್, ಮನೆಯ ಹೊತ್ತು, ಕಚೇರಿಗೆ ಸಂಬಂಧವಿಲ್ಲದ ಕೆಲಸ ಇವೆಲ್ಲ ನಿಮ್ಮ ಪರ. ಆದರೆ ನೇಮಕಾತಿ ಪತ್ರದಲ್ಲಿ "ಸೇವಾವಧಿಯಲ್ಲಿ ಮಾಡಿದ್ದೆಲ್ಲವೂ ಕಂಪೆನಿಯದು" ಎಂಬ ಸಾಲಿದ್ದರೆ ಜಗಳಕ್ಕೆ ದಾರಿಯಾಗುತ್ತದೆ. ಸಾಮಾನ್ಯವಾಗಿ ಸಿಎಲ್‌ಎಯಲ್ಲೂ ಡಿಸಿಒದಲ್ಲೂ ನೀವು ಹೇಳುವುದು "ಕೊಡುವ ಅಧಿಕಾರ ನನಗಿದೆ" ಎಂದು. ಅದು ಸುಳ್ಳಾದರೆ ತೊಂದರೆ ನಿಮ್ಮ ಹೆಸರಿಗೇ. ಎಚ್‌ಆರ್ ಅಥವಾ ಲೀಗಲ್ ವಿಭಾಗಕ್ಕೆ ಪ್ರಾಜೆಕ್ಟಿನ ಹೆಸರು, ಲೈಸೆನ್ಸ್, ಕೆಲಸದ ಸ್ವರೂಪ ಬರೆದು, ಇದರ ಮೇಲೆ ನಮಗೆ ಹಕ್ಕಿಲ್ಲ ಎಂಬ ಉತ್ತರ ಲಿಖಿತವಾಗಿ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದ ದಿನ ಉಳಿಯುವುದಿಲ್ಲ.

ಮುಂದೆ ನೀವೇ ಪ್ರಾಜೆಕ್ಟ್ ನಡೆಸಿ ಒಪ್ಪಂದ ಬರೆಯುವುದಾದರೆ ಸೆಕ್ಷನ್ 19 ಓದಿ. ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾನೂನು ಭಾವಿಸುತ್ತದೆ. ಸೆಕ್ಷನ್ 30ಎ ಮೂಲಕ ಇದು ಪರವಾನಗಿಗೂ ಅನ್ವಯ. ಅವಧಿಯನ್ನೂ ಪ್ರದೇಶವನ್ನೂ ಬಿಡಿಸಿ ಬರೆಯಿರಿ.

ಕೊನೆಗೆ ಬಾಟ್ ವಿಷಯ. ಸಹಿ ಹಾಕಿದರೂ ಕೆಂಪು ಗುರುತು ಹೋಗದಿದ್ದರೆ ಹೆಚ್ಚಾಗಿ ಕಾರಣ ಕಮಿಟ್‌ನಲ್ಲಿರುವ ಈಮೇಲ್, ನಿಮ್ಮ ಖಾತೆಯ ಈಮೇಲ್‌ಗೆ ಹೊಂದುತ್ತಿಲ್ಲ. ಆಫೀಸಿನ ವಿಳಾಸವೇ ಸೇರಿಕೊಂಡಿದ್ದರೆ ಅದು ಮಾಲೀಕತ್ವದ ಅನುಮಾನಕ್ಕೂ ಎಡೆಮಾಡುತ್ತದೆ. ಈ ರೆಪೊಗೆ ಮಾತ್ರ ಗಿಟ್ ಕಾನ್ಫಿಗ್‌ನಲ್ಲಿ ಸ್ವಂತ ಈಮೇಲ್ ಹಾಕಿ, ರೀಸೆಟ್-ಆಥರ್ ಆಯ್ಕೆಯೊಂದಿಗೆ ಕಮಿಟ್ ಅಮೆಂಡ್ ಮಾಡಿ, ನಿಮ್ಮ ಬ್ರಾಂಚಿಗೆ ಫೋರ್ಸ್ ಪುಶ್ ಮಾಡಿ. ಹಲವು ಕಮಿಟ್‌ಗಳಿದ್ದರೆ ರೀಬೇಸ್ ಮಾಡಿ ಒಂದೊಂದನ್ನೂ ತಿದ್ದಬೇಕು, ಕೊನೆಯದನ್ನು ಮಾತ್ರ ಸರಿಪಡಿಸಿದರೆ ಬಾಟ್ ಮತ್ತೆ ತಡೆಯುತ್ತದೆ.