ಕ್ಯಾನ್ಸರ್ ಕೋಶಗಳು ಗಟ್ಟಿ ಅಂಗಾಂಶವನ್ನು ದಾಟಿ ಬೇರೆ ಅಂಗಗಳಿಗೆ ಹೋಗುವುದು ಹೇಗೆ?

ಅಂಗಾಂಶವನ್ನು ಕತ್ತರಿಸುವ ಕಿಣ್ವಗಳ ನೆರವಿನಿಂದ ದಾರಿ ಮಾಡಿಕೊಂಡು ಹೋಗುತ್ತವೆ. ಇವುಗಳಲ್ಲಿ ಮುಖ್ಯವಾದ ಗುಂಪಿನ ಹೆಸರು ಮ್ಯಾಟ್ರಿಕ್ಸ್ ಮೆಟಲೊಪ್ರೋಟಿನೇಸ್, ಚಿಕ್ಕದಾಗಿ ಎಂಎಂಪಿ.

ಸ್ತನ, ಕರುಳು, ಚರ್ಮ ಇಂಥ ಕಡೆ ಜೀವಕೋಶಗಳ ಸಾಲಿನ ಕೆಳಗೆ ಒಂದು ತೆಳು ಪೊರೆ ಇರುತ್ತದೆ. ಅದರಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಈ ಪೊರೆ ದಾಟದ ಗಡ್ಡೆ ಸಾಮಾನ್ಯವಾಗಿ ದೂರ ಹರಡುವುದಿಲ್ಲ. ಎಂಎಂಪಿ-2 ಮತ್ತು ಎಂಎಂಪಿ-9 ಆ ಎಳೆಗಳನ್ನೇ ತುಂಡು ಮಾಡುತ್ತವೆ. ಸಂದು ಸಿಕ್ಕ ಕೋಶಗಳು ಒಳಗೆ ನುಗ್ಗಿ ರಕ್ತನಾಳವನ್ನೋ ದುಗ್ಧರಸದ (ಲಿಂಫ್) ನಾಳವನ್ನೋ ಸೇರುತ್ತವೆ.

ಹಾಗಂತ ಈ ಕಿಣ್ವಗಳೇ ಕೆಟ್ಟವು ಅಂದುಕೊಳ್ಳಬೇಡಿ. ಗಾಯ ಮಾಯಲು, ಮೂಳೆ ಬೆಳೆಯಲು ಇವು ಬೇಕೇ ಬೇಕು. ಆರೋಗ್ಯವಂತ ದೇಹದಲ್ಲಿ ಟಿಂಪ್ ಎಂಬ ಪ್ರೋಟೀನುಗಳು ಇವನ್ನು ಹಿಡಿತದಲ್ಲಿಡುತ್ತವೆ. ಕ್ಯಾನ್ಸರ್‌ನಲ್ಲಿ ಆ ಹಿಡಿತ ತಪ್ಪುತ್ತದೆ. ನನಗೆ ತುಂಬಾ ಮುಖ್ಯ ಅನಿಸುವ ಸಂಗತಿ ಇನ್ನೊಂದಿದೆ: ಎಷ್ಟೋ ಗಡ್ಡೆಗಳಲ್ಲಿ ಈ ಕಿಣ್ವಗಳನ್ನು ಜಾಸ್ತಿ ತಯಾರಿಸುವುದು ಕ್ಯಾನ್ಸರ್ ಕೋಶಗಳಲ್ಲ, ಸುತ್ತಲಿರುವ ಸಾಮಾನ್ಯ ಕೋಶಗಳು. ಗಡ್ಡೆ ಅವಕ್ಕೆ ರಾಸಾಯನಿಕ ಸಂಕೇತ ಕಳಿಸಿ ಆ ಕೆಲಸ ಮಾಡಿಸುತ್ತದೆ.

ಹಾಗಾದರೆ ಕಿಣ್ವವನ್ನು ತಡೆದರೆ ಸಾಕಲ್ವಾ? 1990ರ ದಶಕದಲ್ಲಿ ಮಾರಿಮಾಸ್ಟಾಟ್‌ನಂಥ ಔಷಧಿಗಳಿಂದ ಅದನ್ನೇ ಪ್ರಯತ್ನಿಸಿದರು. ಹೆಚ್ಚಿನ ಪ್ರಯೋಗಗಳಲ್ಲಿ ಫಲ ಸಿಗಲಿಲ್ಲ, ಕೀಲುನೋವು ಮಾತ್ರ ಕಾಡಿತು. ಆ ಔಷಧಿಗಳು ಬೇಕಾದ, ಬೇಡವಾದ ಹಲವು ಎಂಎಂಪಿಗಳನ್ನು ಒಟ್ಟಿಗೇ ತಡೆಯುತ್ತಿದ್ದವು. ಆ ಎಂಎಂಪಿಗಳಲ್ಲಿ ಕೆಲವು ಗಡ್ಡೆ ಬೆಳೆಯದಂತೆ ನೋಡಿಕೊಳ್ಳುವಂಥವು. ಜೊತೆಗೆ, ಔಷಧಿ ಪಡೆದ ಬಹಳಷ್ಟು ರೋಗಿಗಳಲ್ಲಿ ಕ್ಯಾನ್ಸರ್ ಆಗಲೇ ಹರಡಿಬಿಟ್ಟಿತ್ತು.